ಮೂರನೆಯವರನ್ನು ಕೂರಿಸುವುದು

ನಾನು ಜಿಲ್ಲಾ ಫುಟ್‌ಬಾಲ್ ಸಂಸ್ಥೆಯೊಳಗೆ ಕಾಲಿಟ್ಟಿದ್ದು ಏಷ್ಯಾದ ದಯೆಯಿಂದ. ಹೀಗೆಂದರೆ ಈಗ ಸಂಸ್ಥೆಗೆ ಬರುತ್ತಿರುವ ಹುಡುಗ ಹುಡುಗಿಯರು ನಗುತ್ತಾರೆ. ನಗಲಿ. ಹೊಳೆನರಸೀಪುರದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ನಾನು ಪಿ.ಟಿ. ಟೀಚರ್ ಆಗಿದ್ದೆ. ಒಂದು ದಿನ ಡ್ರಿಲ್ ಪೀರಿಯಡ್ಡಿನ ನಡುವೆ ಸ್ಕೂಟರೊಂದು ಮೈದಾನದೊಳಕ್ಕೇ ನುಗ್ಗಿ ಬೇವಿನ ಮರದ ಕೆಳಗೆ ನಿಂತಿತು. ಇಳಿದವರು ನಂಜುಂಡಪ್ಪ. ಹಾಸನದಲ್ಲಿ ಕಬ್ಬಿಣ, ಸಿಮೆಂಟಿನ ವ್ಯಾಪಾರ ಅವರದು. ಸಂಸ್ಥೆಯ ಕಾರ್ಯದರ್ಶಿಯೂ ಅವರೇ.

"ಮೇಡಮ್ಮೋರೆ, ಮ್ಯಾಲಿಂದ ಆರ್ಡ್ರು ಬಂದೈತೆ. ಕಮಿಟೀಲಿ ಒಬ್ರು ಎಂಗಸು ಇರ್ಲೇಬೇಕು ಅಂತ ಏಷ್ಯಾದೋರು ಏಳವ್ರಂತೆ. ನಿಮ್ಮೆಸ್ರು ಬರ್ಕೊಂಬುಟ್ಟಿದೀನಿ" ಅಂದರು.

"ನನ್ನ ಒಂದು ಮಾತು ಕೇಳಬೇಡವೇನ್ರೀ?"

"ಅದ್ಕೇ ಈಗ ಬಂದಿರಾದು."

ನನಗೆ ಸಿಟ್ಟು ಬರುವುದು ಬೇಗ. ಆದರೆ ಆ ಮನುಷ್ಯ ಹೆಲ್ಮೆಟ್ಟನ್ನು ಎದೆಗವಚಿಕೊಂಡು ಅಪರಾಧಿಯಂತೆ ನಿಂತದ್ದನ್ನು ನೋಡಿ ನಗು ಬಂತು. ನಾನು ಓದುವ ಕಾಲದಲ್ಲಿ ಆಡಿದ್ದು ಖೋ ಖೋ, ಥ್ರೋಬಾಲ್. ಶಾಲೆಯಲ್ಲಿ ಫುಟ್‌ಬಾಲ್ ಶುರು ಮಾಡಿದ್ದು ಒಂದೇ ಕಾರಣಕ್ಕೆ: ಒಂದು ಚೆಂಡಿದ್ದರೆ ಇಡೀ ಕ್ಲಾಸು ಓಡಾಡುತ್ತದೆ. ಅಷ್ಟರ ಬಲದ ಮೇಲೆ ನಾನು ಸಂಸ್ಥೆಯ ಮಹಿಳಾ ಸದಸ್ಯೆಯಾದೆ. ಮೊದಲ ಸಭೆಯಲ್ಲಿ ನನಗೊಂದು ಕುರ್ಚಿ ಹಾಕಲು ಮರೆತಿದ್ದರು.

ಈ ಕೆಲಸಕ್ಕೆ ಬರುವವರು ಮೊದಲು ಅರ್ಥ ಮಾಡಿಕೊಳ್ಳಬೇಕಾದದ್ದು ಓಟನ್ನು. ಕ್ಲಬ್ಬುಗಳು ಓಟು ಹಾಕಿ ಜಿಲ್ಲೆಯವರನ್ನು ಆರಿಸುತ್ತವೆ. ಜಿಲ್ಲೆಗಳು ರಾಜ್ಯದವರನ್ನು, ರಾಜ್ಯಗಳು ದೇಶದವರನ್ನು, ದೇಶಗಳು ಏಷ್ಯಾದವರನ್ನು, ಅಂದರೆ ಇಡೀ ಖಂಡದ ಫುಟ್‌ಬಾಲ್ ಒಕ್ಕೂಟದವರನ್ನು. ಅಲ್ಲಿ ಎಷ್ಟು ದೊಡ್ಡ ದೇಶವಾದರೂ ಒಂದೇ ಓಟು. ನಮ್ಮ ಒಂದು ತಾಲೂಕಿನಷ್ಟು ಜನವಿಲ್ಲದ ದ್ವೀಪಕ್ಕೂ ಒಂದೇ ಓಟು. ಆದ್ದರಿಂದ ಏಷ್ಯಾದ ಕುರ್ಚಿಗೆ ಆಸೆಪಟ್ಟವರು ಸಣ್ಣ ಸಣ್ಣ ದೇಶಗಳಿಗೆ ಹಾರಿ ಹೋಗಿ, ಮೈದಾನ ಕಟ್ಟಿಸಿಕೊಡುತ್ತೇವೆ ಎಂದು ಮಾತು ಕೊಟ್ಟು, ಅಲ್ಲಿನ ಪ್ರತಿನಿಧಿಗಳನ್ನು ದೊಡ್ಡ ಹೋಟೆಲಿನಲ್ಲಿಟ್ಟು ನೋಡಿಕೊಳ್ಳುತ್ತಾರಂತೆ. ಇದನ್ನು ರಾಜ್ಯದ ಸಭೆಯಲ್ಲಿ ಕೇಳಿಕೊಂಡು ಬಂದ ನಂಜುಂಡಪ್ಪನವರ ಮುಖ ಅರಳಿತ್ತು. "ಎಲ್ಲಾ ನಮ್ಮಂಗೇ ಕಣ್ ಬುಡಿ ಮೇಡಮ್ಮೋರೆ" ಅಂದರು. ನಮ್ಮಲ್ಲೂ ಒಂದು ಚೆಂಡೂ ಇಲ್ಲದ ಕ್ಲಬ್ಬಿಗೆ ಓಟಿತ್ತು. ಅದರ ಅಧ್ಯಕ್ಷರನ್ನು ಚುನಾವಣೆ ಬಂದಾಗ ಎಲ್ಲರೂ ಅಣ್ಣಾ ಎನ್ನುತ್ತಿದ್ದರು.

ನನ್ನ ಮೊದಲ ಚುನಾವಣೆ ಹಾಸನದವರಿಗೂ ಚನ್ನರಾಯಪಟ್ಟಣದವರಿಗೂ ಆದ ಪೈಪೋಟಿ. ಹಾಸನದ ಗುಂಪಿನವರು ತಮ್ಮ ಓಟುಗಳು ಕೈಜಾರದಿರಲಿ ಎಂದು ಬೆಳಿಗ್ಗೆಯೇ ಎಲ್ಲರನ್ನೂ ಟೆಂಪೋ ಹತ್ತಿಸಿ ದೊಡ್ಡಗದ್ದವಳ್ಳಿಗೆ ಕರೆದೊಯ್ದರು. ಲಕ್ಷ್ಮೀದೇವಿ ದರ್ಶನ ಮಾಡಿಸಿ, ಕೆರೆಯ ಪಕ್ಕ ಊಟ ಹಾಕಿ, ಸಂಜೆ ಮತದಾನದ ಹೊತ್ತಿಗೆ ನೇರವಾಗಿ ತಂದಿಳಿಸುವುದು ಎಂಬ ಯೋಜನೆ. ನಾವು ಎಲೆಯ ಮುಂದೆ ಕೂರುವುದಕ್ಕೂ ಇನ್ನೊಂದು ಟೆಂಪೋ ಬಂದು ನಿಲ್ಲುವುದಕ್ಕೂ ಸರಿಹೋಯಿತು. ಚನ್ನರಾಯಪಟ್ಟಣದವರಿಗೂ ಬಚ್ಚಿಡಲು ಹೊಳೆದದ್ದು ಅದೇ ಜಾಗ.

ಸ್ವಲ್ಪ ಹೊತ್ತು ಯಾರಿಗೂ ಏನು ಮಾಡಬೇಕೆಂದು ತೋಚಲಿಲ್ಲ. ಆಮೇಲೆ ನಮ್ಮ ಪುಳಿಯೋಗರೆ ಅತ್ತ ಹೋಯಿತು, ಅವರ ಮೊಸರನ್ನ ಇತ್ತ ಬಂತು. ಯಾರದೋ ಟೆಂಪೋದಲ್ಲಿ ಚೆಂಡಿತ್ತು. ಕೆರೆಯ ಏರಿಯ ಕೆಳಗಿನ ಬಯಲಲ್ಲಿ ಚಪ್ಪಲಿಗಳನ್ನಿಟ್ಟು ಗೋಲು ಗುರುತು ಮಾಡಿದರು. ನನ್ನ ಕೊರಳಲ್ಲಿ ಸದಾ ಸೀಟಿ ಇರುತ್ತಿತ್ತು, ಊದಿದೆ. ಎರಡು ಗುಂಪೂ ಬೆರೆತು ಆಡಿತು. ಪಂಚೆ ಎತ್ತಿ ಕಟ್ಟಿದ ನಂಜುಂಡಪ್ಪ ಗೋಲಿ, ಅಂದರೆ ಗೋಲು ಕಾಯುವವರು. ಅವರ ಎರಡು ಕಾಲ ನಡುವೆ ಚೆಂಡು ಹೋದಾಗಲೆಲ್ಲ, "ನನ್ ಕಡೆಯೋನೇ ಒಡ್ದ್ಬುಟ್ಟ ಕಣ್ಲಾ" ಎಂದು ಗೊಣಗುತ್ತಿದ್ದರು. ಅಂಥ ಆಟವನ್ನು ಆಮೇಲೆ ನಾನು ನೋಡಲಿಲ್ಲ. ಎಷ್ಟೋ ಸಭೆಗಳ ನಡುವೆ, ಕಾಫಿ ಬರುವುದನ್ನು ಕಾಯುತ್ತ ಕುಳಿತಾಗ, ಆ ಬಯಲಿನ ಬಿಸಿಲು ನೆನಪಾಗುತ್ತಿತ್ತು. ಈಗಲೂ ಆಗುತ್ತದೆ.

ಸಂಜೆ ಎಣಿಸಿದರೆ ಓಟು ಸಮಸಮ. ಮಧ್ಯಾಹ್ನ ಒಟ್ಟಿಗೆ ಉಂಡವರು ಹೊಡೆದಾಟಕ್ಕೆ ಕುರ್ಚಿ ಎತ್ತಿಕೊಂಡರು. ಎರಡು ಗುಂಪೂ ತಾವೇ ಗೆದ್ದೆವು ಎಂದು ರಾಜ್ಯಕ್ಕೆ ಬರೆದವು. ಜಿಲ್ಲೆಯ ಲೀಗ್ ಪಂದ್ಯಗಳು ನಿಂತವು.

ನಮ್ಮ ಕಡೆ ಇಬ್ಬರ ನಡುವೆ ಮಾತು ಕೆಟ್ಟರೆ ಮೂರನೆಯವರನ್ನು ಕೂರಿಸುತ್ತಾರೆ. ಬದುವಿನ ಜಗಳವಿರಲಿ, ಅಣ್ಣತಮ್ಮಂದಿರ ಪಾಲಿರಲಿ, ಗಂಡ ಹೆಂಡಿರ ಮುನಿಸಿರಲಿ, ಎರಡು ಕಡೆಗೂ ಬೇಕಾದ ಒಬ್ಬರನ್ನು ನಡುವೆ ಕೂರಿಸಿ ಅವರು ಹೇಳಿದ್ದಕ್ಕೆ ತಲೆಬಾಗುವುದು. ನಮಗೆ ಸಿಕ್ಕವರು ಪದ್ಮರಾಜಯ್ಯ. ಶ್ರವಣಬೆಳಗೊಳದ ಕಡೆಯವರು, ಚನ್ನರಾಯಪಟ್ಟಣದಲ್ಲಿ ಜವಳಿ ಅಂಗಡಿ, ಆದರೆ ಹಾಸನದವರಿಗೂ ನಂಬಿಕೆಯ ಮನುಷ್ಯ. ಫುಟ್‌ಬಾಲಿಗೆ ಒಂದು ಕಡೆ ಎಷ್ಟು ಜನ ಎಂಬುದೂ ಅವರಿಗೆ ಗೊತ್ತಿರಲಿಲ್ಲ. ಅದೇ ಒಳ್ಳೆಯದೆಂದು ಎಲ್ಲರೂ ಒಪ್ಪಿದರು. ಅಂಗಡಿಯ ಗಾದಿಯ ಮೇಲೆ ಕುಳಿತ ಅವರು ಎರಡು ಗುಂಪನ್ನೂ ಎದುರಿಗೆ ಜಮಖಾನದ ಮೇಲೆ ಕೂರಿಸಿ ಮೊದಲು ಕೇಳಿದ್ದು ಓಟಿನ ವಿಷಯವಲ್ಲ.

"ಆಟ ನಡೀತಾ ಐತಾ?"

"ಇಲ್ಲ ಸಾವ್ಕಾರ್ರೆ. ಇದು ತೀರ್ಮಾನ ಆಗೋಗಂಟ ನಿಲ್ಸಿದೀವಿ" ಅಂದರು ನಂಜುಂಡಪ್ಪ.

"ಅಂಗಾದ್ರೆ ನಾ ಕೂರಾಕಿಲ್ಲ, ಎದ್ದೋಗಿ. ಕುರ್ಚಿ ಬೇಕಾಗಿರಾದು ನಿಮ್ಗೆ, ಆಟ ಬೇಕಾಗಿರಾದು ಉಡುಗ್ರಿಗೆ. ನಾಳೆಯಿಂದ ಆಟ ಶುರು ಮಾಡಿ, ಆಮೇಲೆ ಬನ್ನಿ, ಕೂರ್ತೀನಿ."

ಆಟ ಶುರುವಾಯಿತು. ಆಮೇಲೆ ಪದ್ಮರಾಜಯ್ಯ ಕೂತರು. ಅವರು ಜೈನರು, ಸೂರ್ಯ ಮುಳುಗಿದ ಮೇಲೆ ಉಣ್ಣುವವರಲ್ಲ. ಹಾಗಾಗಿ ಅವರ ಪಂಚಾಯಿತಿ ಯಾವತ್ತೂ ಹೊತ್ತು ಮುಳುಗುವುದರೊಳಗೆ ಮುಗಿಯಬೇಕಿತ್ತು. ಯಾರಾದರೂ ಮಾತು ಎಳೆದರೆ ಬಾಗಿಲಾಚೆಯ ಬಿಸಿಲನ್ನು ನೋಡುತ್ತಿದ್ದರು. ಅವಧಿಯ ಮೊದಲರ್ಧ ಹಾಸನದವರು, ಉಳಿದರ್ಧ ಚನ್ನರಾಯಪಟ್ಟಣದವರು ಎಂದು ಹೇಳಿ ಊಟಕ್ಕೆದ್ದರು. ಆಮೇಲೆ ಬಹಳ ವರ್ಷ, ರೆಫರಿ ತಪ್ಪು ತೀರ್ಪು ಕೊಟ್ಟರೂ, ಟ್ರೋಫಿ ಕಳೆದುಹೋದರೂ ನಾವು ಓಡುತ್ತಿದ್ದದ್ದು ಆ ಜವಳಿ ಅಂಗಡಿಗೇ. ಅವರಿಗೆ ಮೂರನೇ ಸಾವ್ಕಾರ್ರು ಎಂದೇ ಹೆಸರು ಬಿತ್ತು. ಮೊದಲನೆಯವರು, ಎರಡನೆಯವರು ಯಾರೆಂದು ಹೊಸಬರು ಕೇಳುತ್ತಿದ್ದರು.

ನನ್ನಿಂದ ಒಂದು ಎಡವಟ್ಟಾದದ್ದು ಈ ಹೆಸರಿನಿಂದಲೇ. ಜಿಲ್ಲೆಯ ವರದಿ ಇಂಗ್ಲಿಷಿನಲ್ಲೇ ಬರಬೇಕು ಎಂದು ರಾಜ್ಯದವರು ಹೊಸದಾಗಿ ಹೇಳಿದ್ದರು. ಕಮಿಟಿಯಲ್ಲಿ ಇಂಗ್ಲಿಷು ಬರೆಯುವವಳು ನಾನೊಬ್ಬಳೇ. ಮೂರನೆಯವರನ್ನು ಕೂರಿಸಿ ವ್ಯಾಜ್ಯ ಬಗೆಹರಿಸಲಾಯಿತು ಎಂಬ ನಮ್ಮ ಸಾಲನ್ನು ಪದಕ್ಕೆ ಪದ ಇಟ್ಟು, ಥರ್ಡ್ ಪಾರ್ಟಿ ಎಂದು ಹೆಮ್ಮೆಯಿಂದ ಬರೆದು ಕಳಿಸಿದೆ. ಮಾರನೆಯ ದಿನವೇ ರಾಜ್ಯದ ಕಚೇರಿಯಿಂದ ದಿವಾಕರ್ ಎಂಬ ಅಧಿಕಾರಿ ಫೋನ್ ಮಾಡಿದರು. ಒಳ್ಳೆಯ ಮನುಷ್ಯ, ಸಣ್ಣ ದನಿ, ಯಾವಾಗಲೂ ಯಾರೋ ಕೇಳಿಸಿಕೊಳ್ಳುತ್ತಿದ್ದಾರೆ ಎಂಬಂತೆ ಮಾತು.

"ಮೇಡಂ, ಏನ್ ಬರ್ದುಬಿಟ್ಟಿದೀರ ನೀವು? ಏಷ್ಯಾದಲ್ಲಿ ಆ ಎರಡು ಪದ ಬೈಗುಳ ಇದ್ದ ಹಾಗೆ."

"ಸಾರ್, ಅವರು ಜವಳಿ ವ್ಯಾಪಾರಿ."

"ಯಾರಾದ್ರೂ ಆಗ್ಲಿ. ಸಂಸ್ಥೆ ವಿಷ್ಯದಲ್ಲಿ ಹೊರಗಿನವರು ಕೈ ಹಾಕಿದ್ರೆ ದೇಶಕ್ಕೇ ಬಹಿಷ್ಕಾರ ಹಾಕ್ತಾರೆ. ಅದನ್ನ ತೆಗೆದು ಹಿತೈಷಿ ಅಂತ ಮಾಡಿ."

ಪದ್ಮರಾಜಯ್ಯ ವರದಿಯಲ್ಲಿ ಹಿತೈಷಿಯಾದರು. ನಿಯಮದ ಉದ್ದೇಶ ಕೆಟ್ಟದ್ದಲ್ಲ. ಮಂತ್ರಿಗಳು, ಸರ್ಕಾರದವರು ಆಟದ ಸಂಸ್ಥೆಯನ್ನು ಬುಟ್ಟಿಗೆ ಹಾಕಿಕೊಳ್ಳದಿರಲಿ ಎಂದು ಮಾಡಿದ್ದು. ಅದನ್ನು ಒಪ್ಪುತ್ತೇನೆ. ಆದರೆ ಅವತ್ತು ನಮ್ಮ ಮೀಟಿಂಗಿನಲ್ಲಿ ಏಷ್ಯಾಕ್ಕೆ ಮೂರನೆಯವರೆಂದರೆ ಆಗುವುದಿಲ್ಲವಂತೆ ಎಂದು ನಾನು ಓದಿ ಹೇಳಿದಾಗ ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದೆವು. "ಅಂಗಾದ್ರೆ ಅಲ್ಲಿ ಜಗಳ ಬಿಡ್ಸೋರ್ಯಾರಂತೆ?" ಎಂದು ನಂಜುಂಡಪ್ಪ ಕೇಳಿದ್ದಕ್ಕೆ ನಗು ಇನ್ನೂ ಜೋರಾಗಿತ್ತು.

ಆ ನಗು ನಮಗೆ ತಿರುಗಿ ಬಂದದ್ದು ಸವಿತಾಳ ವಿಷಯದಲ್ಲಿ.

ಸವಿತಾ ಅರಕಲಗೂಡು ಕಡೆಯ ಹುಡುಗಿ. ತಾಯಿ ಗಿರಿಜಮ್ಮ ಹೊಗೆಸೊಪ್ಪು ವಿಂಗಡಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಮಗಳನ್ನು ನಮ್ಮ ಶಾಲೆಗೆ ಸೇರಿಸಿ ಹೊಳೆನರಸೀಪುರದ ಹಾಸ್ಟೆಲಿನಲ್ಲಿ ಬಿಟ್ಟಿದ್ದಳು. ರಜೆಗೆ ಹೋದಾಗ ಹುಡುಗಿಯೂ ಸೊಪ್ಪು ಮುರಿಯಲು ಹೋಗಿ, ಕೈಯೆಲ್ಲ ಕಪ್ಪಗೆ ಅಂಟು ಹಿಡಿಸಿಕೊಂಡು ಬರುತ್ತಿದ್ದಳು. ಗೋಲಿಯಾಗಿ ನಿಲ್ಲಿಸಿದರೆ ಚೆಂಡು ಅವಳ ಕೈ ದಾಟಿ ಹೋಗುತ್ತಲೇ ಇರಲಿಲ್ಲ. "ಮಿಸ್, ಅವಳ್ಗೆ ಒಗೆಸೊಪ್ಪಿನ ಅಂಟೈತೆ, ಅದ್ಕೇ ಚೆಂಡು ಮೆತ್ಕಳದು" ಎಂದು ಉಳಿದವರು ರೇಗಿಸುತ್ತಿದ್ದರು. ಅವಳು ಕೈ ಮೂಸಿ ನೋಡಿಕೊಂಡು ನಗುತ್ತಿದ್ದಳು. ಜಿಲ್ಲೆಗೆ ಆಡಿದಳು, ರಾಜ್ಯಕ್ಕೆ ಆಡಿದಳು. ಕೊನೆಗೆ ಹೊರದೇಶದಲ್ಲಿ ನಡೆಯುವ ಏಷ್ಯಾದ ಕಿರಿಯರ ಪಂದ್ಯಾವಳಿಗೆ ಹೋಗುವ ದೇಶದ ತಂಡದ ಶಿಬಿರಕ್ಕೆ ಕರೆ ಬಂತು. ತಂಡದಲ್ಲಿ ಹೆಸರೂ ಬಂತು.

ಅವಳ ಪಾಸ್‌ಪೋರ್ಟಿಗೆ ನಾನೂ ಗಿರಿಜಮ್ಮನೂ ಅಲೆದೆವು. ಅದು ಕೈಗೆ ಬಂದ ದಿನ ಗಿರಿಜಮ್ಮ ಅದನ್ನು ಸೀರೆಯ ಸೆರಗಿನಿಂದ ಒರೆಸಿ, ಒಂದೊಂದೇ ಹಾಳೆ ತಿರುಗಿಸಿ, "ಎಲ್ಲಾ ಖಾಲಿ ಐತಲ್ಲ ಮಿಸ್" ಅಂದಳು. ಹೋದ ಹೋದ ಊರಿನವರು ಅದರಲ್ಲಿ ಮುದ್ರೆ ಒತ್ತುತ್ತಾರೆ ಎಂದು ಹೇಳಿದೆ. ಅವಳಿಗೆ ಬಹಳ ಸಂತೋಷವಾಯಿತು.

ಆ ಹೊತ್ತಿಗೆ ದೇಶದ ಸಂಸ್ಥೆಯಲ್ಲಿ ಕುರ್ಚಿ ಜಗಳ ಹತ್ತಿ ಕೋರ್ಟಿಗೆ ಹೋಗಿತ್ತು. ಚುನಾವಣೆ ನಡೆಯುವವರೆಗೆ ಆಡಳಿತ ನೋಡಿಕೊಳ್ಳಲು ಹೊರಗಿನವರನ್ನು ಕೋರ್ಟೇ ನೇಮಿಸಿತು. ದೇಶದಿಂದ ಮೇಲಿನ ಫುಟ್‌ಬಾಲ್ ಸಂಸ್ಥೆಯವರು ಇದನ್ನು ಮೂರನೆಯವರ ಹಸ್ತಕ್ಷೇಪ ಎಂದರು. ದೇಶವನ್ನು ಅಮಾನತು ಮಾಡಿದರು. ಅಮಾನತಾದ ದೇಶದ ಯಾವ ತಂಡವೂ ಹೊರಗೆ ಆಡುವಂತಿಲ್ಲ. ವಿಮಾನ ಹತ್ತಲು ಸಿದ್ಧವಾಗಿದ್ದ ಮಕ್ಕಳನ್ನು ಶಿಬಿರದಿಂದ ಮನೆಗೆ ಕಳಿಸಿದರು.

ಹೊಳೆನರಸೀಪುರದ ರೈಲ್ವೆ ಸ್ಟೇಷನ್ನಿಗೆ ಅವಳನ್ನು ಕರೆದುಕೊಳ್ಳಲು ನಾನೇ ಹೋದೆ. ದೇಶದ ಹೆಸರು ಬರೆದಿದ್ದ ನೀಲಿ ಬ್ಯಾಗು ಹೆಗಲಿಗೆ ಹಾಕಿಕೊಂಡು ಇಳಿದಳು. ಅಳುತ್ತಾಳೆಂದು ಏನೇನೋ ಮಾತು ಜೋಡಿಸಿಕೊಂಡು ಹೋಗಿದ್ದೆ. ಅವಳು ಕೇಳಿದ್ದು ಒಂದೇ.

"ಮಿಸ್, ಈ ಬ್ಯಾಗ್ ವಾಪಸ್ ಕೊಡ್ಬೇಕಾ?"

ಬೇಡ, ಇಟ್ಟುಕೋ ಅಂದೆ.

ಅರಕಲಗೂಡಿಗೆ ಹೋಗಿ ಗಿರಿಜಮ್ಮನಿಗೆ ತಿಳಿಸುವುದು ಇನ್ನೂ ಕಷ್ಟವಾಯಿತು. ಮಗಳು ಏನೋ ತಪ್ಪು ಮಾಡಿರಬೇಕು ಎಂದೇ ಅವಳು ಅಂದುಕೊಂಡಿದ್ದಳು. ಹುಡುಗಿಯದೇನೂ ತಪ್ಪಿಲ್ಲ, ಮೇಲೆ ಎರಡು ಕಡೆಯವರಿಗೆ ಜಗಳ, ನಡುವೆ ಮೂರನೆಯವರು ಬಂದರೆಂದು ಹೀಗಾಯಿತು ಎಂದು ಬಿಡಿಸಿ ಹೇಳಿದೆ. ಅವಳ ಮುಖ ಸಡಿಲವಾಯಿತು.

"ಮೂರ್ನೆಯೋರು ಬಂದವ್ರಾ? ಒಳ್ಳೇದೇ ಆಯ್ತಲ್ವಾ ಮಿಸ್. ಇನ್ನೇನು, ತೀರ್ಮಾನ ಆಗೋಯ್ತದೆ."

"ಇಲ್ಲ ಗಿರಿಜಮ್ಮ, ಅವರು ಬಂದದ್ದೇ ತಪ್ಪು ಅಂತಾರೆ."

"ಅದೆಂಗೆ ತಪ್ಪಾದಾದು? ಅಂಗಾರೆ ಅವ್ರು ಸರಿಯಾದೋರಲ್ಲ. ನೀವ್ ಏಳ್ತಿದ್ರಲ್ಲ, ನಮ್ ಜವಳಿ ಸಾವ್ಕಾರ್ರು, ಅವ್ರನ್ನ ಕೂರ್ಸಾಣ ನಡೀರಿ."

ನಾನು ಬೇಡವೆಂದೆ. ಅವಳು ಆಗಲೇ ಒಳಗೆ ಹೋಗಿ ಬೇರೆ ಸೀರೆ ಉಟ್ಟುಕೊಳ್ಳುತ್ತಿದ್ದಳು. ಮೂರು ಜನವೂ ಬಸ್ಸು ಬದಲಿಸಿ ಚನ್ನರಾಯಪಟ್ಟಣ ಸೇರುವಾಗ ಹೊತ್ತು ಇಳಿದಿತ್ತು. ದಾರಿಯುದ್ದಕ್ಕೂ ನನಗೆ ನಾಚಿಕೆ. ನಿಜ ಹೇಳಬೇಕೆಂದರೆ ಒಳಗೆಲ್ಲೋ ಆಸೆಯೂ ಇತ್ತು.

ಪದ್ಮರಾಜಯ್ಯನವರಿಗೆ ವಯಸ್ಸಾಗಿತ್ತು. ಅಂಗಡಿ ಸೊಸೆ ನೋಡಿಕೊಳ್ಳುತ್ತಿದ್ದಳು, ಅವರು ಗಾದಿಯ ಮೇಲೆ ಒರಗಿ ಕೂತಿದ್ದರು. ಗಿರಿಜಮ್ಮ ಪಾಸ್‌ಪೋರ್ಟನ್ನು ಅವರ ಮುಂದಿಟ್ಟು ಕೈಮುಗಿದಳು.

"ಸಾವ್ಕಾರ್ರೆ, ನೀವೊಂದ್ ಮಾತು ಏಳ್ಬುಟ್ರೆ ಸಾಕು. ನನ್ ಮಗ ಆಡ್ಕಂಡ್ ಬತ್ತಾಳೆ."

ಪ್ರೀತಿ ಬಂದಾಗ ಮಗಳನ್ನು ಅವಳು ಮಗ ಎನ್ನುತ್ತಿದ್ದಳು. ಪದ್ಮರಾಜಯ್ಯ ಕನ್ನಡಕ ಹಾಕಿಕೊಂಡು ಆ ಖಾಲಿ ಹಾಳೆಗಳನ್ನು ಕೊನೆಯವರೆಗೂ ತಿರುಗಿಸಿದರು. ನಗಲಿಲ್ಲ. ಬೇರೆ ಯಾವ ನ್ಯಾಯಕ್ಕೆ ಕೂತಾಗಲೂ ಕೇಳುವಂತೆಯೇ ಕೇಳಿದರು.

"ಯಾರ್ಯಾರ್ಗೆ ಜಗಳ?"

ಹೇಳಿದೆ.

"ಇಬ್ರನ್ನೂ ಇಲ್ಗೆ ಕರೆಸಾಕಾಯ್ತದಾ?"

"ಆಗಲ್ಲ ಸಾವ್ಕಾರ್ರೆ. ಅವರೆಲ್ಲ ದೂರ ಇದ್ದಾರೆ."

"ಎದ್ರಾಬದ್ರಾ ಕೂರ್ದಿದ್ರೆ ನಾ ಏನವ್ವ ಮಾಡ್ಲಿ" ಎಂದು ಗಿರಿಜಮ್ಮನ ಕಡೆ ನೋಡಿದರು. ಆಮೇಲೆ ನನ್ನನ್ನು ಕೇಳಿದರು. "ಅವ್ರು ಮಾತಾಡ್ಕಳಗಂಟ ಇವ್ಳು ಆಡ್ಬೋದಲ್ವಾ?"

"ಇಲ್ಲ. ಮೊದಲು ಆಟ ನಿಲ್ಲಿಸಿದ್ದಾರೆ."

"ಮೊದ್ಲೇ ಆಟ ನಿಲ್ಸದ್ರಾ?"

ಅದನ್ನೇ ಇನ್ನೊಂದು ಸಲ ಕೇಳಿದರು. ನಾನು ಹೌದೆಂದೆ. ಅವರು ಕನ್ನಡಕ ತೆಗೆದು ಪಕ್ಕಕ್ಕಿಟ್ಟು ಸವಿತಾಳನ್ನು ಹತ್ತಿರ ಕರೆದು, ಎಲ್ಲಿ ನಿಲ್ಲುತ್ತೀಯ, ಚೆಂಡು ಹೇಗೆ ಹಿಡಿಯುತ್ತೀಯ, ಕೈ ನೋಯುವುದಿಲ್ಲವೇ ಎಂದೆಲ್ಲ ವಿಚಾರಿಸಿದರು. ಅವಳು ಅಂಗಡಿಯ ನಡುವೆ ನಿಂತು ಎಡಕ್ಕೆ ಬಲಕ್ಕೆ ಹಾರುವುದನ್ನು ತೋರಿಸಿದಳು. ಬಟ್ಟೆ ಕೊಳ್ಳಲು ಬಂದವರು ಜರುಗಿ ಜಾಗ ಬಿಟ್ಟರು. ಒಳಗಿನಿಂದ ಸೊಸೆ, "ಮಾವ, ಒತ್ತು ಮುಳುಗ್ತಾ ಐತೆ, ಊಟಕ್ಕೇಳಿ" ಎಂದು ಎರಡು ಸಲ ಕೂಗಿದಳು. ಅವರು ಏಳಲಿಲ್ಲ. ಬಾಗಿಲಾಚೆ ಬಿಸಿಲು ಹೋಗುವುದನ್ನು ನೋಡುತ್ತ ಕೂತೇ ಇದ್ದರು. ದೀಪ ಹತ್ತಿತು. ನಾವು ಬಸ್ಸಿಗೆಂದು ಎದ್ದಾಗ ಪಾಸ್‌ಪೋರ್ಟನ್ನು ತಾವೇ ಸವಿತಾಳ ಕೈಗೆ ಕೊಟ್ಟರು. ಆವತ್ತು ಅವರು ಊಟ ಮಾಡಲಿಲ್ಲ.

ಆಮೇಲೆ ದೇಶದ ಸಂಸ್ಥೆಗೆ ಚುನಾವಣೆಯಾಯಿತು. ಅಮಾನತು ಹೋಯಿತು. ಹಾರ ಹಾಕಿಕೊಂಡವರ ಫೋಟೋ ಪತ್ರಿಕೆಯಲ್ಲಿ ಬಂತು. ಪಂದ್ಯಾವಳಿ ಅಷ್ಟರಲ್ಲಿ ಮುಗಿದಿತ್ತು. ಮುಂದಿನದರ ಹೊತ್ತಿಗೆ ಸವಿತಾಳ ವಯಸ್ಸು ದಾಟಿತ್ತು. ಹಿರಿಯರ ತಂಡಕ್ಕೆ ಕರೆ ಬರುತ್ತದೆಂದು ಕಾದೆವು, ಬರಲಿಲ್ಲ. ತಾನು ಆಡಬೇಕಿದ್ದ ಆ ಊರಿನ ಸುದ್ದಿಯನ್ನೇ ಅವಳು ಮತ್ತೆ ಎತ್ತಲಿಲ್ಲ. ನಾನೂ ಕೆದಕಲಿಲ್ಲ. ಕೋಚಿಂಗ್ ಕೋರ್ಸು ಮಾಡಿ ಈಗ ಅರಕಲಗೂಡಿನಲ್ಲಿ ಹೆಣ್ಣುಮಕ್ಕಳಿಗೆ ಕಲಿಸುತ್ತಾಳೆ. ನಾನು ನಿವೃತ್ತಳಾದ ಮೇಲೆ ಏಷ್ಯಾದವರ ಅಪ್ಪಣೆಯ ಆ ಮಹಿಳಾ ಕುರ್ಚಿಗೆ ಅವಳೇ ಬಂದಿದ್ದಾಳೆ. ಪದ್ಮರಾಜಯ್ಯ ತೀರಿಕೊಂಡರು. ನಂಜುಂಡಪ್ಪ ಮಗನ ಅಂಗಡಿಯ ಮುಂದೆ ಸ್ಟೂಲು ಹಾಕಿಕೊಂಡು ಕೂತಿರುತ್ತಾರೆ, ನಾನು ಹಾದುಹೋದರೆ, "ಏಷ್ಯಾ ಎಂಗೈತೆ ಮೇಡಮ್ಮೋರೆ?" ಎನ್ನುತ್ತಾರೆ.

ಈಗ ಎಲ್ಲ ಕಂಪ್ಯೂಟರಿನಲ್ಲಿ. ಆಟಗಾರರ ನೋಂದಣಿ, ರೆಫರಿಯ ವರದಿ, ಸಭೆಯ ನೋಟಿಸು ಎಲ್ಲವೂ ಮೊಬೈಲಿಗೇ ಬರುತ್ತವೆ. ಸುಲಭವಾಗಿದೆ, ಇಲ್ಲವೆನ್ನುವುದಿಲ್ಲ. ಜಗಳ ಮಾತ್ರ ಹಳೆಯದೇ. ಮೊನ್ನೆ ಹಾಸನದ ಮೈದಾನದಲ್ಲಿ ಹೆಣ್ಣುಮಕ್ಕಳ ಫೈನಲ್ ಪಂದ್ಯವೆಂದು ಸವಿತಾ ಕರೆದಿದ್ದಳು, ಹೋದೆ. ಎರಡು ತಂಡವೂ ಬೂಟು ಕಟ್ಟಿಕೊಂಡು ಗೆರೆಯಾಚೆ ಕೂತಿದ್ದವು. ಪಕ್ಕದ ಕೋಣೆಯಲ್ಲಿ ಜಿಲ್ಲೆಯ ಹೊಸ ಪದಾಧಿಕಾರಿಗಳ ಗಲಾಟೆ. ಯಾರ ಗುಂಪು ಅಸಲಿ, ಟ್ರೋಫಿ ಯಾರು ಕೊಡಬೇಕು ಎಂಬ ವಾದ. ತೀರ್ಮಾನವಾಗುವವರೆಗೆ ಪಂದ್ಯವಿಲ್ಲ ಎಂದು ಯಾರೋ ಬಂದು ಹೇಳಿ ಹೋದರು. ಬಾಗಿಲು ತೆರೆದಾಗಲೆಲ್ಲ ಒಳಗಿನ ಕೂಗು ಕೇಳುತ್ತಿತ್ತು.

ಸವಿತಾ ರೆಫರಿಯ ಹತ್ತಿರ ಹೋಗಿ, "ಶುರು ಮಾಡಿ ಸಾ" ಅಂದಳು.

"ಮೇಡಂ, ಅವ್ರಿನ್ನೂ..."

"ಅವ್ರು ಒಳಗೆ ಕಿತ್ತಾಡ್ಕಳ್ಲಿ. ಏನಾರ ಬಂದ್ರೆ ನನ್ನೆಸ್ರು ಏಳಿ."

ಸೀಟಿ ಬಿತ್ತು. ನಾವಿಬ್ಬರೂ ಹೋಗಿ ಗೋಲಿನ ಬಲೆಯ ಹಿಂದೆ ನಿಂತೆವು. ಗೋಲಿಯಾಗಿದ್ದವಳು ಪುಟ್ಟ ಹುಡುಗಿ, ಗ್ಲೌಸು ದೊಡ್ಡದಾಗಿ ಜಾರುತ್ತಿತ್ತು, ಹಲ್ಲಿನಲ್ಲಿ ಕಚ್ಚಿ ಬಿಗಿ ಮಾಡಿಕೊಳ್ಳುತ್ತಿದ್ದಳು. ಕೋಣೆಯೊಳಗಿನವರು ಸೀಟಿ ಕೇಳಿ ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತರು. ಯಾರೂ ಮೈದಾನಕ್ಕೆ ಇಳಿಯಲಿಲ್ಲ. ನನಗೆ ಆ ಜವಳಿ ಅಂಗಡಿ ನೆನಪಾಯಿತು. ಸಾವ್ಕಾರ್ರು ಇರಬೇಕಿತ್ತು ಎಂದು ಬಾಯಿಬಿಟ್ಟು ಹೇಳಿದೆ.

ಸವಿತಾ ಆಟದ ಕಡೆಯೇ ಕಣ್ಣಿಟ್ಟಿದ್ದಳು. ನನ್ನ ಕಡೆ ತಿರುಗದೆಯೇ ಕೇಳಿದಳು.

"ಮಿಸ್, ಆ ಊರಲ್ಲಿ ಗ್ರೌಂಡು ಎಂಗಿತ್ತೋ ಏನೋ."

ಇಷ್ಟು ವರ್ಷದಲ್ಲಿ ಮೊದಲ ಸಲ ಆ ಏಷ್ಯಾ ಪಂದ್ಯಾವಳಿಯ ವಿಷಯ ಕೇಳಿದ್ದಳು. ಹಸಿರಾಗಿತ್ತಂತೆ, ದೊಡ್ಡದಾಗಿತ್ತಂತೆ ಎಂದು ಏನಾದರೂ ಹೇಳಬಹುದಿತ್ತು.

"ಗೊತ್ತಿಲ್ಲ ಕಣೇ ಸವಿತಾ" ಅಂದೆ.

ಅಷ್ಟರಲ್ಲಿ ಚೆಂಡು ಎತ್ತರದಲ್ಲಿ ನಮ್ಮ ಕಡೆಗೇ ಬಂತು. ಬಲೆಯ ಮುಂದೆ ಪುಟ್ಟ ಹುಡುಗಿ ಕೈ ಎತ್ತಿದಳು. ಬಲೆಯ ಹಿಂದೆ ಸವಿತಾಳ ಕೈಗಳೂ ಎದ್ದವು.